ಉಯ್ಯಾಲೆಗೆ ಎಣ್ಣೆ

“ಇದು ಆಗೋ ಮಾತಲ್ಲ” ಎಂದವರು ನನ್ನ ಸೋದರಮಾವ ತಿಮ್ಮಪ್ಪ. ಇವತ್ತು ಬೆಳಿಗ್ಗೆ ಶಿವಮೊಗ್ಗದ ಗೋಪಾಳ ಬಡಾವಣೆಯ ಅಂಗಡಿಯವನು ಚಿಲ್ಲರೆ ಇಲ್ಲವೆಂದು ಅಂಗೈಗೆ ಎರಡು ಪೆಪ್ಪರ್‌ಮೆಂಟು ಹಾಕಿದ. ಒಂದನ್ನು ಬಾಯಿಗೆ ಹಾಕಿಕೊಂಡೆ ನೋಡಿ, ಆ ತಣ್ಣನೆಯ ಘಾಟಿನ ಹಿಂದೆಯೇ ಮಾವನ ಮಾತೂ ಬಂತು.

ಮಾವನ ಮನೆ ಭದ್ರಾವತಿಯಲ್ಲಿ, ಕಬ್ಬಿಣ ಕಡೆಯುವ ಲೇತ್ ಅಂಗಡಿ ಮಾಚೇನಹಳ್ಳಿಯಲ್ಲಿ. ದಿನವಿಡೀ ಯಂತ್ರದ ಸದ್ದಿನ ಮೇಲೆ ಮಾತಾಡಿ ರೂಢಿಯಾಗಿ, ಅವರು ಗುಟ್ಟು ಹೇಳಿದರೂ ಪಕ್ಕದ ಬೀದಿಯವರು ಹೂಂಗುಟ್ಟುತ್ತಾರೆ. ನಾನು ಬೆಳಿಗ್ಗೆ ಕಾಲೇಜು, ಮಧ್ಯಾಹ್ನದಿಂದ ಅವರ ಅಂಗಡಿಯಲ್ಲಿ ಬಿಲ್ಲು ಬರೆಯುವ ಕೆಲಸ ಎಂದುಕೊಂಡು ಸಂಗೀತದಲ್ಲಿ ಬಿ.ಎ. ಓದಿದವಳು. ನಮ್ಮ ಮನೆಯ ಗೋಡೆಯ ಮೇಲೆ ಅಲ್ಲಿಯವರೆಗೆ ಚೌಕಟ್ಟು ಹಾಕಿಸಿಕೊಂಡವರು ದೇವರು ಮತ್ತು ತೀರಿಕೊಂಡವರು, ಇಬ್ಬರೇ. ಡಿಗ್ರಿ ಪತ್ರಕ್ಕೆಂದು ನಾನು ಮೊದಲ ವರ್ಷವೇ ಒಂದು ಮೊಳೆ ಹೊಡೆದಿಟ್ಟಿದ್ದೆ.

ಪಿಟೀಲು ಅಭ್ಯಾಸ ಅಂಗಡಿಯ ಹಿಂದೆ ನಡೆಯುತ್ತಿತ್ತು. “ಮಾರಾಯ್ತಿ, ನಿನ್ ಪಿಟೀಲಿಗಿಂತ ನನ್ ಲೇತೇ ಶ್ರುತಿಯಾಗಿದೆ” ಎನ್ನುತ್ತಿದ್ದರು ಮಾವ. ಮಾತು ನಿಜವಾಗಿದ್ದರಿಂದ ನಾನು ತಂತಿ ಬಿಗಿ ಮಾಡಿಕೊಂಡು ಮತ್ತೆ ಮೊದಲಿಂದ ಶುರು ಮಾಡುತ್ತಿದ್ದೆ.

ಕೊನೆಯ ವರ್ಷದ ಪರೀಕ್ಷೆ ವಿಚಿತ್ರವಾಗಿತ್ತು. ನಾವು ನಾಲ್ವರು ಸೇರಿ ಶಿವಮೊಗ್ಗದ ಒಂದು ಪುಟ್ಟ ಮ್ಯೂಸಿಯಂನಲ್ಲಿರುವ ಚಿತ್ರವೊಂದನ್ನು ಆರಿಸಿ, ಅದಕ್ಕೆ ಸಂಗೀತ ಕಟ್ಟಿ, ಅದೇ ಕೋಣೆಯಲ್ಲಿ ಅದರ ಎದುರೇ ನುಡಿಸಬೇಕು. ಮೈಕಿಲ್ಲ, ವೇದಿಕೆಯಿಲ್ಲ. ಕೇಳುಗರನ್ನು ನಾವೇ ಕರೆತರಬೇಕು. ನಾವು ಆರಿಸಿದ ಚಿತ್ರದಲ್ಲಿ ಉಯ್ಯಾಲೆಯ ಮೇಲೆ ಕೂತು ವೀಣೆ ನುಡಿಸುವ ಹೆಂಗಸು, ಮೇಲೊಂದು ಗಿಳಿ, ಕೆಳಗೆ ಗಿಳಿಯನ್ನೇ ನೋಡುತ್ತಿರುವ ಬೆಕ್ಕು. ವೀಣೆಯ ಹುಡುಗಿ ಆ ಹೆಂಗಸಾದಳು, ಕೊಳಲಿನವನು ಗಿಳಿಯಾದ, ಮೃದಂಗದವನು ಬೆಕ್ಕಾದ. ನನ್ನ ಪಾಲಿಗೆ ಉಳಿದದ್ದು ಉಯ್ಯಾಲೆ. ಕಷ್ಟಪಟ್ಟು ಓದಿ ಕೊನೆಗೆ ಪೀಠೋಪಕರಣವಾದೆ!

“ಮಧ್ಯೆ ಮಾತು, ಫೋನು ಏನೇ ಆದ್ರೂ ನಿಲ್ಲಿಸಿಬಿಡ್ತೀನಿ. ಮುಂದಿನ ವರ್ಷ ಮತ್ತೆ ಬನ್ನಿ” ಎಂದರು ಪರೀಕ್ಷೆಯ ಮೇಡಂ. ನನಗೆ ಮುಂದಿನ ವರ್ಷವೆಂಬುದು ಇರಲಿಲ್ಲ. ಇನ್ನೊಂದು ವರ್ಷ ಕಾಲೇಜೆಂದರೆ ಮನೆಯಲ್ಲಿ ಯಾರೂ ಒಪ್ಪುವವರಲ್ಲ.

ಮೇಡಂ ಹಾಕಿದ ನಿಯಮ ಹೇಳಿದರೆ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. “ನಮ್ಮೋರು ಅರ್ಧ ಗಂಟೆ ಬಾಯ್ ಮುಚ್ಕೊಂಡ್ ಕೂರೋದಾ? ತ್ಯಾವರೆಕೊಪ್ಪ ಸಫಾರಿಯ ಹುಲಿಗೆ ಬೇಕಾದ್ರೆ ಚಕ್ಕುಲಿ ತಿನ್ನಿಸ್ಬಹುದು. ಇದು ಆಗೋ ಮಾತಲ್ಲ.”

ಪರೀಕ್ಷೆಯ ದಿನ ನಮ್ಮವರು ಭದ್ರಾವತಿಯಿಂದ ಟೆಂಪೋ ತುಂಬ ಬಂದಿಳಿದರು. ಸದ್ದು ಮೊದಲು ಒಳಗೆ ಬಂತು, ಜನ ಆಮೇಲೆ. ಫ್ಯಾನಿನ ಕೆಳಗೆ ಯಾರು ಕೂರಬೇಕೆಂಬ ವಾದ, ಚಕ್ಕುಲಿ ಮುರಿಯುವ ಸದ್ದು, ಎಲ್ಲಕ್ಕೂ ಮೇಲೆ ಮಾವನ ಕಂಠ. ಮೇಡಂ ಗಡಿಯಾರ ನೋಡಿದರು.

ಅಷ್ಟರಲ್ಲಿ ಮಾವನ ಹೆಂಡತಿ ಗಿರಿಜತ್ತೆ ಚಿತ್ರವನ್ನು ನೋಡಿದರು. ದೊಡ್ಡ ಚೌಕಟ್ಟು, ತೊಡೆಯ ಮೇಲೆ ವೀಣೆ, ಮೇಲಿಂದ ಬೀಳುವ ದೀಪದ ಬೆಳಕು. ಇನ್ನೇನು ಬೇಕು? ಚಪ್ಪಲಿ ಬಿಟ್ಟು ಮುಂದೆ ಹೋದವರೇ ಬ್ಯಾಗಿನಿಂದ ಕುಂಕುಮದ ಡಬ್ಬಿ ತೆಗೆದು ಗಾಜಿನ ಮೇಲೊಂದು ಬೊಟ್ಟಿಟ್ಟರು.

ವಾಚ್‌ಮನ್ ಓಡಿ ಬಂದ. “ಅಮ್ಮಾ, ಮುಟ್ಬಾರ್ದು!”

“ತಾಯಿನ ಎಲ್ಲಿ ಮುಟ್ಟಿದ್ನಪ್ಪಾ, ಗಾಜಿಗೆ ತಾನೇ ಇಟ್ಟಿದ್ದು. ದೇವ್ರೆದುರಿಗೆ ಕೂಗ್ಬೇಡ. ಮೊದ್ಲು ಆ ಬೂಟು ಬಿಡು.”

ಒರೆಸುವ ಬಟ್ಟೆ ತರಲು ಹೋದ ವಾಚ್‌ಮನ್ ಬರಿಗಾಲಲ್ಲಿ ವಾಪಸು ಬಂದ. ಅಷ್ಟರೊಳಗೆ ನಮ್ಮವರೆಲ್ಲ ಚಪ್ಪಲಿ ಬಿಟ್ಟು, ಚಕ್ಕಳಮಕ್ಕಳ ಹಾಕಿ, ಕೈ ಮುಗಿದು ಕೂತಾಗಿತ್ತು. ಅದು ಯಾರೋ ಒಬ್ಬ ಹೆಂಗಸು, ದೇವರಲ್ಲ ಎನ್ನಲು ನಾನು ಬಾಯಿ ತೆರೆದೆ. “ಶುರು ಮಾಡಿ” ಎಂದರು ಮೇಡಂ.

ಗಿಳಿ ಉಲಿಯಿತು, ಬೆಕ್ಕು ಹೊಂಚಿತು, ನಾನು ಎರಡು ಸ್ವರಗಳ ನಡುವೆ ಹೋಗಿ ಬಂದೆ, ಬಂದು ಹೋದೆ. ಒಬ್ಬರೂ ಕೆಮ್ಮಲಿಲ್ಲ. ಮುಗಿದರೂ ಚಪ್ಪಾಳೆಯಿಲ್ಲ. ಜನ ಮೈಮರೆತಿದ್ದಾರೆಂದು ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಮ್ಮವರು ಕಾಯುತ್ತಿದ್ದದ್ದು ಮಂಗಳಾರತಿಗೆ.

“ಪ್ರಸಾದ ಇಲ್ವೇನೇ?” ಎಂದು ಅತ್ತೆ ಪಿಸುಗುಟ್ಟಿದರು. ಗಂಟಲು ಒಣಗದಿರಲೆಂದು ಕೊಳಲಿನವನು ಜೇಬು ತುಂಬ ಪೆಪ್ಪರ್‌ಮೆಂಟು ತಂದಿದ್ದ. ಅದನ್ನೇ ಹಂಚಿದೆವು. ಮೇಡಂ ಕೂಡ ಬೊಗಸೆಯೊಡ್ಡಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಬಾಯಿಗೆ ಹಾಕಿಕೊಂಡರು. ನಾಲ್ವರೂ ಪಾಸು.

ಹೊರಗೆ ಬಂದದ್ದೇ ಮಾವನ ಕಂಠ ಮರಳಿತು. “ಗಿಳಿ, ಬೆಕ್ಕು ಎಲ್ಲಾ ಸರಿ. ನಿನ್ ಉಯ್ಯಾಲೆ ಮಾತ್ರ ಕಿರ್ ಅಂತಿತ್ತು ಮಾರಾಯ್ತಿ. ಎಣ್ಣೆ ಹಾಕ್ಸು.” ಎಲ್ಲರೂ ನಕ್ಕರು, ನಾನೂ ನಕ್ಕೆ. ಟೆಂಪೋ ಹೊರಟ ಮೇಲೆ ಹೊಳೆಯಿತು: ಯಾರು ಬೆಕ್ಕು, ಯಾರು ಉಯ್ಯಾಲೆ ಎಂದು ನಾನು ಅವರಿಗೆ ಹೇಳಿರಲೇ ಇಲ್ಲ.

ಡಿಗ್ರಿ ಪತ್ರ ನಿನ್ನೆ ಕೈಸೇರಿತು. ಮೊಳೆಗೆ ನೇತು ಹಾಕುವ ಮುಂಚೆ ಮಾವನಿಗೆ ತೋರಿಸಬೇಕೆನಿಸಿತು. ಪೆಪ್ಪರ್‌ಮೆಂಟು ಚೀಪುತ್ತಲೇ ಮಾಚೇನಹಳ್ಳಿಗೆ ಬಸ್ಸು ಹತ್ತಿದೆ. ಗಿರಾಕಿ ಬಂದರೂ ಲೇತ್ ನಿಲ್ಲಿಸದ ಮಾವ ಅದನ್ನು ಆಫ್ ಮಾಡಿದರು. ಕೈಯನ್ನು ಬಟ್ಟೆಗೆ ಒರೆಸಿ, ಮೂಸಿ ನೋಡಿ, ಸಮಾಧಾನವಾಗದೆ ಸೋಪು ಹಾಕಿ ತೊಳೆದು ಬಂದು ಎರಡೂ ಕೈ ಚಾಚಿದರು. ಪತ್ರ ಕೊಟ್ಟೆ. ಉಳಿದಿದ್ದ ಇನ್ನೊಂದು ಪೆಪ್ಪರ್‌ಮೆಂಟನ್ನೂ ಕೊಟ್ಟೆ. ಪತ್ರವನ್ನು ಬೆಳಕಿಗೆ ಹಿಡಿದು ಕೊನೆಯ ಸಾಲಿನವರೆಗೂ ಓದಿದರು. ಆಮೇಲೆ, ನನ್ನ ಜನ್ಮದಲ್ಲಿ ಮೊದಲ ಸಲ, ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಹೇಳಿದರು:

“ನಾನ್ ಅಂದೆ ಅಂತ ಎಣ್ಣೆಗಿಣ್ಣೆ ಹಾಕ್ಸಿಬಿಟ್ಟೀಯ. ಅದು ಹಂಗೇ ಕಿರ್ ಅನ್ಲಿ.”