ಬಾವಿಗೆ ಬೀಗ ಹಾಕಿದವರು

'ಹೆರಿಟೇಜ್' ಎಂಬ ಪದ ಕಿವಿಗೆ ಬಿದ್ದರೆ ನನಗೆ ಈಗಲೂ ಮೈ ಉರಿಯುತ್ತದೆ. ದೆಹಲಿಯಲ್ಲಿ ಇದು ಕಷ್ಟದ ಕಾಯಿಲೆ. ಜನಕಪುರಿಯ ನಮ್ಮ ಮಾರ್ಕೆಟ್ಟಿನಲ್ಲಿ ಹೆರಿಟೇಜ್ ಉಪ್ಪಿನಕಾಯಿ ಸಿಗುತ್ತದೆ, ಹೆರಿಟೇಜ್ ಸೋಫಾ ಸಿಗುತ್ತದೆ. ಗುಡಗಾಂವಿನ ಕಡೆ ಹೋದರೆ ಸಿಮೆಂಟಿನ ಹಸಿ ಆರದ ಕಟ್ಟಡದ ನೆತ್ತಿಯ ಮೇಲೂ ಅದೇ ಪದ. ದೆಹಲಿಯಲ್ಲೇ ಬೆಳೆದ ನನ್ನ ಮಗಳು ಅನನ್ಯಾ, "ಅಮ್ಮಾ, ಒಂದು ವರ್ಡ್ ಮೇಲೆ ಇಷ್ಟು ಗುಸ್ಸಾ ಯಾಕೆ? ಛೋಡೋ ನಾ" ಅನ್ನುತ್ತಾಳೆ. ಬಿಡಬಹುದಿತ್ತು. ಆದರೆ ಆ ಪದ ಬೀಗ ಹಾಕಿಟ್ಟ ಒಂದು ಬಾವಿಯನ್ನು ಒಂದು ಭಾನುವಾರ ನಾನು ಕಣ್ಣಾರೆ ಕಂಡೆ. ಅದನ್ನು ನಿಮಗೆ ಹೇಳಿಕೊಂಡರೆ ಉರಿ ಸ್ವಲ್ಪ ತಗ್ಗೀತು ಎಂಬ ಆಸೆ. ತಗ್ಗದಿದ್ದರೆ ನಿಮಗೂ ಸ್ವಲ್ಪ ಹತ್ತಲಿ.

ಪಾಲಂನಲ್ಲಿ ಪ್ಯಾಸೆಂಜರ್ ರೈಲು ಹತ್ತಿ, ಗುಡಗಾಂವಿನ ಗಾಜಿನ ಕಟ್ಟಡಗಳೆಲ್ಲ ಹಿಂದೆ ಸರಿದು ಸಾಸಿವೆ ಹೊಲಗಳು ಶುರುವಾದ ಮೇಲೆ ಸಿಗುವ ಊರು ಅದು. ಹೆಸರು ಹೇಳುವುದಿಲ್ಲ, ಹೇಳಿದರೆ ಇನ್ನೊಂದು ಸಮಿತಿ ಹೊರಟೀತು. ಊರು ಎನ್ನುವುದಕ್ಕಿಂತ ಸ್ಟೇಷನ್ನಿಗೆ ಒರಗಿಕೊಂಡ ಒಂದಷ್ಟು ಮನೆಗಳು ಎನ್ನಬೇಕು. ಮೀಟರ್ ಗೇಜ್ ಕಿತ್ತು ಬ್ರಾಡ್ ಗೇಜ್ ಹಾಕಿದಾಗ ಹೊಸ ಟಿಕೆಟ್ ಕೋಣೆ ಬಂತು. ಹಳೆಯ ಕಟ್ಟಡ, ಅದರ ಪಕ್ಕದ ಬೇವಿನ ಮರ, ಮರದಡಿಯ ಕಲ್ಲುಕಟ್ಟೆಯ ಬಾವಿ ಯಾರಿಗೂ ಬೇಡವಾಗಿ ಉಳಿದವು. ಯಾರಿಗೂ ಅಂದರೆ, ರೈಲಿನವರಿಗೆ. ಊರಿನವರಿಗೆ ಆ ಬಾವಿಯೇ ಜೀವ.

ನಾನು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವಳು. ಹುಟ್ಟಿದ್ದು ಬೀರೂರಿನಲ್ಲಿ, ರೈಲ್ವೆ ಕ್ವಾರ್ಟರ್ಸಿನಲ್ಲಿ. ಹೀಗಾಗಿ ಸ್ಟೇಷನ್ ಕಂಡಲ್ಲಿ ಇಳಿಯುವ ಚಟ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಆ ಭಾಗದ ಬಾವಿಗಳ ನೀರನ್ನು ಬಾಟಲಿಗಳಲ್ಲಿ ತುಂಬಿಕೊಳ್ಳುತ್ತ ಈ ಊರಿಗೆ ಬಂದಿದ್ದೆ. ಎಲ್ಲ ಕಡೆಯೂ ಉಪ್ಪು. ಎಲ್ಲ ಕಡೆಯೂ ಗಡಸು. ಸ್ಟೇಷನ್ನಿನ ಬಾವಿಯೊಂದೇ ಸಿಹಿ. ಕಾರಣ ಸರಳ. ಮನೆಯ ಗೀಸರ್ ಕೆಟ್ಟಾಗ ರಿಪೇರಿ ಭಯ್ಯಾ ಒಳಗಿನಿಂದ ಕೆರೆದು ತೆಗೆಯುವ ಬಿಳಿಯ ಹಕ್ಕಳೆ ನೋಡಿದ್ದೀರಲ್ಲ? ಗಡಸು ನೀರು ಕುಡಿದ ಉಗಿ ಎಂಜಿನ್ನಿನ ಹೊಟ್ಟೆಯಲ್ಲೂ ಅದೇ ಕಟ್ಟಿಕೊಳ್ಳುತ್ತಿತ್ತು. ಅದಕ್ಕೇ ಹಳೆಯ ಕಾಲದವರು ಸಿಹಿನೀರಿನ ಸೆಲೆ ಹುಡುಕಿ ಬಾವಿ ತೋಡಿಸಿದ್ದರು. ಮನುಷ್ಯರ ಬಾಯಾರಿಕೆಗಲ್ಲ, ಎಂಜಿನ್ನಿನ ಆರೋಗ್ಯಕ್ಕೆ. ಎಂಜಿನ್ನು ಕುಡಿದು ಹೋದ ಮೇಲೆ ಊರ ಹೆಂಗಸರು ಕೊಡ ಹಿಡಿದು ಬಂದರು. ಯಾರೋ ಒಬ್ಬ ಸ್ಟೇಷನ್ ಮಾಸ್ಟರು ಬೇಡ ಅನ್ನಲಿಲ್ಲ. ಅಷ್ಟೇ ಆ ಊರಿನ ಇತಿಹಾಸ. ಮುಂದೆ ಎಂಜಿನ್ನುಗಳು ಹೋದವು, ಕೊಡಗಳು ಉಳಿದವು.

ಇದನ್ನೆಲ್ಲ ಹೇಳಿದವಳು ಚಂದ್ರೋ ತಾಈ. ಆ ಕಡೆ ದೊಡ್ಡಪ್ಪನ ಹೆಂಡತಿಗೆ ತಾಈ ಅನ್ನುತ್ತಾರೆ. ಹಿರಿಯ ಹೆಂಗಸರಿಗೆಲ್ಲ ಅದೇ ಹೆಸರು. ನನ್ನ ಕನ್ನಡದ ಕಿವಿಗೆ ಅದು 'ತಾಯಿ' ಎಂದೇ ಕೇಳಿಸಿ ಮೊದಲ ದಿನವೇ ಸಲಿಗೆ ಬೆಳೆಯಿತು. ಅವಳು ನನ್ನನ್ನು ಮಾಸ್ಟರ್ನಿ ಎಂದು ಕರೆಯುತ್ತಿದ್ದಳು. ನಾನು ನೀರನ್ನು ಬಾಟಲಿಗೆ ತುಂಬಿ ಮುಚ್ಚಳ ಹಾಕಿ ಚೀಟಿ ಅಂಟಿಸುವುದನ್ನು ನೋಡಿ, "ಮೊದಲು ಕುಡಿ, ಆಮೇಲೆ ಅದಕ್ಕೆ ಹೆಸರಿಡು" ಎಂದು ಬೊಗಸೆಗೆ ಸುರಿದಳು. ಆಮೇಲೆ ರಜೆ ಸಿಕ್ಕಾಗಲೆಲ್ಲ ಹೋಗುವುದು ಅಭ್ಯಾಸವಾಯಿತು.

ಒಂದು ಫೆಬ್ರವರಿಯಲ್ಲಿ ತಾಈಯ ಫೋನು. ಸೊಸೆ ಸುಮನ್‌ಗೆ ಹೆಣ್ಣುಮಗು. "ಭಾನುವಾರ ಕುವಾ ಪೂಜನ್ ಇದೆ, ಬಾ." ನಮ್ಮಲ್ಲಿ ಬಾಣಂತಿ ಗಂಗೆ ಪೂಜೆ ಮಾಡುತ್ತಾಳಲ್ಲ, ಹಾಗೆಯೇ ಇದು. ಬಾಣಂತಿ ಹಳದಿ ಓಢನಿ ಹೊದ್ದು, ತಲೆಯ ಮೇಲೆ ಕೊಡ ಹೊತ್ತು, ಹಾಡುವ ಹೆಂಗಸರ ಜೊತೆ ಬಾವಿಗೆ ಹೋಗುತ್ತಾಳೆ. ಒಂದೇ ವ್ಯತ್ಯಾಸ: ಆ ಊರಿನಲ್ಲಿ ಗಂಡು ಹುಟ್ಟಿದರೆ ಮಾತ್ರ. ಹೆಣ್ಣು ಹುಟ್ಟಿದ ಮನೆಯವರು ಬಾವಿಯ ಕಡೆ ಮುಖ ಹಾಕುವುದಿಲ್ಲ. ತಾಈಗೇ ಮೂವರು ಹೆಣ್ಣುಮಕ್ಕಳು. ಮೂರು ಸಲವೂ ಅವಳ ಹಳದಿ ಓಢನಿ ಟ್ರಂಕಿನಲ್ಲೇ ಉಳಿದಿತ್ತು. ಮಗ ಹುಟ್ಟಿದಾಗ ಹೊರಗೆ ಬಂತು.

"ಊರವರು ಒಪ್ಪಿದರಾ ತಾಈ?" ಎಂದೆ.

"ಜೇಠ್‌ಜೀ ಬಂದು ಕೂತಿದ್ದಾರೆ. ಛೋರಿಗೆ ಕುವಾ ಪೂಜನ್ ಅಂತ ಯಾರಾದರೂ ಕೇಳಿದ್ದಾರಾ ಅಂತಾರೆ. ಈಗ ಕೇಳಿದಿರಲ್ಲ, ಅಂದೆ." ಜೇಠ್‌ಜೀ ಅಂದರೆ ಅವಳ ಗಂಡನ ಅಣ್ಣ, ಛೋರಿ ಅಂದರೆ ಹೆಣ್ಣುಮಗು.

ಭಾನುವಾರ ಅನನ್ಯಾಳನ್ನೂ ಎಬ್ಬಿಸಿಕೊಂಡು ಹೊರಟೆ. ಸ್ಟೇಷನ್ನಿನಲ್ಲಿ ಇಳಿದು ನೋಡಿದರೆ ಶಾಮಿಯಾನ. ಪ್ಲಾಸ್ಟಿಕ್ ಕುರ್ಚಿಗಳು. ಕಾರುಗಳ ಸಾಲು. ತಾಈ ಇಷ್ಟು ದೊಡ್ಡದಾಗಿ ಮಾಡುತ್ತಿದ್ದಾಳೆಯೇ ಎಂದು ನಾನು ಹಿಗ್ಗಿದೆ. ಹತ್ತಿರ ಹೋದರೆ ಬಾವಿಯ ಸುತ್ತ ಎದೆಮಟ್ಟದ ಕಬ್ಬಿಣದ ಜಾಲರಿ, ಅದಕ್ಕೊಂದು ಗೇಟು, ಗೇಟಿಗೆ ಅಂಗೈಯಗಲದ ಬೀಗ. ಪಕ್ಕದಲ್ಲಿ ಫಲಕ: ಗ್ರಾಮೀಣ ರೈಲು ಪರಂಪರೆಯ ಸ್ಮಾರಕ, ಮುಟ್ಟಬಾರದು. ಗೇಟಿನ ಅಡ್ಡಕ್ಕೆ ಗುಲಾಬಿ ರಿಬ್ಬನ್ನು.

ನಗರದ ಪರಂಪರಾಪ್ರೇಮಿಗಳ ಸಮಿತಿಯೊಂದು ಎಲ್ಲಿಂದಲೋ ಅನುಮತಿ ತಂದು ಆ ವಾರದಲ್ಲೇ ಇದನ್ನು ಕಟ್ಟಿ ಮುಗಿಸಿತ್ತು. ಊರಿನಲ್ಲಿ ಒಬ್ಬ ಹೆಂಗಸನ್ನೂ ಕೇಳಿರಲಿಲ್ಲ. ಜೇಠ್‌ಜೀ ಮುಂತಾದ ಗಂಡಸರಿಗೆ ಮಾತ್ರ ಮುಂದಿನ ಸಾಲಿನಲ್ಲಿ ಕುರ್ಚಿ ಸಿಕ್ಕಿತ್ತು. ಬೀಗ ಬಿದ್ದ ದಿನದಿಂದ ಹೆಂಗಸರು ಹೆದ್ದಾರಿಯ ಆಚೆಯ ಬೋರ್‌ವೆಲ್ಲಿನಿಂದ ನೀರು ಹೊರುತ್ತಿದ್ದರು. ಇಂದು ಸಮಾರಂಭ ಮುಗಿದರೆ ಗೇಟು ತೆಗೆಯುತ್ತಾರೆ ಎಂದು ಜೇಠ್‌ಜೀ ಹೇಳಿದ್ದನ್ನು ತಾಈ ನಂಬಿದ್ದಳು.

ಅಷ್ಟರಲ್ಲಿ ಡೋಲಕ್ ಕೇಳಿಸಿತು. ಮುಂದೆ ಸುಮನ್, ಹಳದಿ ಓಢನಿಯ ಮುಸುಕು, ತಲೆಯ ಮೇಲೆ ಹೊಳೆಯುವ ಹಿತ್ತಾಳೆ ಕೊಡ. ಅವಳ ಪಕ್ಕ ತಾಈ, ತೋಳಿನಲ್ಲಿ ಮಗು. ಹಿಂದೆ ಊರ ಹೆಂಗಸರೆಲ್ಲ ಹಾಡುತ್ತ. ಸಮಿತಿಯ ಅಧ್ಯಕ್ಷರು, ಬೇಸಿಗೆಗೆ ಮುಂಚೆಯೇ ಲಿನನ್ ಕುರ್ತಾ ತೊಟ್ಟ ಸಜ್ಜನರು, ಎದ್ದು ನಿಂತು ಚಪ್ಪಾಳೆ ತಟ್ಟಿದರು. "ವಾಹ್! ವೆರಿ ಆಥೆಂಟಿಕ್! ಇದನ್ನು ಯಾರು ಅರೇಂಜ್ ಮಾಡಿದರು?" ಫೋಟೋಗ್ರಾಫರ್ ಮೊಣಕಾಲೂರಿದ.

ತಾಈ ಗೇಟಿನ ಮುಂದೆ ನಿಂತು, "ಬೀಗ ತೆಗೀರಿ ಬಾಬೂಜೀ. ಪೂಜೆ ಇದೆ" ಎಂದಳು.

"ಅಮ್ಮಾಜೀ, ಇಲ್ಲೇ ಹೊರಗೆ ನಿಂತು ಹಾಡಿ. ಬಹಳ ಸುಂದರವಾಗಿದೆ."

"ಹಾಡೋದು ನಿಮಗಲ್ಲ. ಬಾವಿಗೆ. ನೀರು ಸೇದಬೇಕು."

"ಸೇದೋ ಹಾಗಿಲ್ಲ. ಹಗ್ಗ ಉಜ್ಜಿ ಉಜ್ಜಿ ಕಲ್ಲು ಹೇಗೆ ಸವೆದಿದೆ ನೋಡಿ. ಇಷ್ಟು ವರ್ಷ ನೀವೆಲ್ಲ ಹಾಳು ಮಾಡಿದ್ದು ಸಾಕು. ಇನ್ನು ಮೇಲೆ ನಾವು ನೋಡ್ಕೋತೀವಿ."

ಹಾಳು ಮಾಡಿದ್ದು! ಕಟ್ಟೆಯ ಅಂಚಿನಲ್ಲಿ ಹಗ್ಗ ಕೊರೆದ ಆ ಗೀರುಗಳಲ್ಲಿ ನಾನೇ ಎಷ್ಟೋ ಸಲ ಬೆರಳಾಡಿಸಿದ್ದೆ. ತಾಈಯ ಅತ್ತೆ, ಅವಳ ಅತ್ತೆ, ಅವರೆಲ್ಲರ ತೋಳಿನ ಗುರುತು ಅದು. ಆ ಊರಿನಲ್ಲಿ ಪರಂಪರೆ ಅಂತ ಏನಾದರೂ ಇದ್ದರೆ ಅದು ಆ ಸವೆದ ಕಲ್ಲೇ. ಈ ಮನುಷ್ಯ ಅದನ್ನೇ ತೋರಿಸಿ ಅವರನ್ನು ಆಚೆ ನಿಲ್ಲಿಸುತ್ತಿದ್ದಾನೆ. ಮುಂದಿನ ಸಾಲಿನಲ್ಲಿ ಜೇಠ್‌ಜೀ ಮೀಸೆಯೊಳಗೇ ನಗುತ್ತಿದ್ದುದೂ ಕಾಣಿಸಿತು. ಛೋರಿಯ ಪೂಜೆಗೆ ಅಡ್ಡಿ ಬಂದದ್ದು ಅವರಿಗೆ ಮಹದುಪಕಾರವೇ ಆಗಿತ್ತು.

ನನಗೆ ಹಿಂದಿಯಲ್ಲಿ ಜಗಳ ಆಡಲು ಬರುವುದಿಲ್ಲ. ತರಕಾರಿಯ ಭಯ್ಯಾನ ಹತ್ತಿರ ಚೌಕಾಸಿ ಮಾಡಬಲ್ಲೆ. ಕೋಪ ನೆತ್ತಿಗೇರಿದರೆ ಮಾತ್ರ ಯಾವುದು ಪುಲ್ಲಿಂಗ, ಯಾವುದು ಸ್ತ್ರೀಲಿಂಗ ಎಂಬುದೇ ಮರೆತುಹೋಗಿ, ಎದುರಿನವರು ನನ್ನ ಸಿಟ್ಟು ಬಿಟ್ಟು ವ್ಯಾಕರಣ ತಿದ್ದುತ್ತಾರೆ. ಅಂದು ಆ ಗೊಡವೆಯೇ ಇರಲಿಲ್ಲ. ಬಾಯಿ ತೆರೆದರೆ ಬೀರೂರು ಹೊರಗೆ ಬಂತು.

"ಏನ್ರೀ, ನೀರಿಗೆ ಬೀಗ ಹಾಕ್ತೀರಾ? ತಲೆ ನೆಟ್ಟಗಿದೆಯಾ ನಿಮಗೆ? ಬಾವಿ ಇರೋದು ಸೇದೋಕೆ ಕಣ್ರೀ, ನೋಡೋಕಲ್ಲ! ಹಸೀ ಬಾಣಂತೀನ ಬಿಸಿಲಲ್ಲಿ ನಿಲ್ಲಿಸಿ ಫೋಟೋ ತೆಗೀತೀರಲ್ಲ, ನಾಚಿಕೆ ಆಗಲ್ವಾ? ಅಷ್ಟು ಆಸೆ ಇದ್ದರೆ ಈ ಜಾಲರಿ ತಗೊಂಡುಹೋಗಿ ನಿಮ್ಮನೆ ಹಾಲಿಗೆ ಹಾಕ್ಕೊಳ್ಳಿ. ಒಳಗೆ ನೀವೇ ಕೂತ್ಕೊಳ್ಳಿ. ನಾವು ಟಿಕೆಟ್ ತಗೊಂಡು ಬಂದು ನೋಡ್ತೀವಿ!"

ಅಧ್ಯಕ್ಷರು ಬಹಳ ವಿನಯದಿಂದ, "ಮೇಡಂ, ಈಸ್ ದಿಸ್ ತಮಿಳ್?" ಎಂದರು.

ಆ ಪ್ರಶ್ನೆಗೆ ನಾನು ಕೊಟ್ಟ ಉತ್ತರವನ್ನು ಅಚ್ಚು ಹಾಕಿಸುವಂತಿಲ್ಲ. ಅನನ್ಯಾ ನನ್ನ ಸೆರಗು ಹಿಡಿದೆಳೆದಳು, ಆಮೇಲೆ ಏನನಿಸಿತೋ, ತಾನೇ ಮುಂದೆ ಹೋಗಿ ಶುದ್ಧ ದೆಹಲಿಯ ಹಿಂದಿಯಲ್ಲಿ, "ಅಂಕಲ್, ಇವರು ಬೀಗ ತೆಗೀರಿ ಅಂತಿದ್ದಾರೆ. ಅಷ್ಟು ಟ್ರಾನ್ಸ್‌ಲೇಟ್ ಮಾಡಬಹುದು, ಮಿಕ್ಕಿದ್ದು ಬೇಡ" ಎಂದಳು.

ಬೀಗದ ಕೈ ಗುತ್ತಿಗೆದಾರನ ಹತ್ತಿರವಂತೆ. ಗುತ್ತಿಗೆದಾರ ಗುಡಗಾಂವಿನಲ್ಲಂತೆ. ಅಂದರೆ ಬೀಗ ತೆಗೆಯುವ ಯೋಚನೆ ಅವರಿಗೆ ಯಾವತ್ತೂ ಇರಲಿಲ್ಲ. ನನ್ನ ಕಣ್ಣಲ್ಲಿ ಸಿಟ್ಟಿಗೇ ನೀರು ಬಂತು. ತಾಈಯ ಮುಖ ಮಾತ್ರ ಕಲ್ಲಿನಂತಾಗಿತ್ತು. ಮಗುವನ್ನು ಎದೆಗೆ ಒತ್ತಿಕೊಂಡು ಗೇಟನ್ನೇ ನೋಡುತ್ತಿದ್ದಳು.

ಆಗ ಮಾತಾಡಿದವಳು ಸುಮನ್. ಮಾವಂದಿರ ಎದುರು ಅವಳ ದನಿಯನ್ನು ಯಾರೂ ಕೇಳಿರಲಿಲ್ಲ. ಕೊಡ ಕೆಳಗಿಟ್ಟು, ಮುಸುಕನ್ನು ಹಣೆಯ ಮೇಲಕ್ಕೆ ಸರಿಸಿ, "ಮಾಂಜೀ, ಇದು ನಮ್ಮ ಎಮ್ಮೆ ಕೊಟ್ಟಿಗೆಯ ಗೇಟಿನ ಥರಾನೇ ಇದೆ. ಬೀಗದ ಕಡೆ ಯಾಕೆ ನೋಡ್ತೀರಿ? ಕೀಲಿನ ಕಡೆಯಿಂದ ಎತ್ತಿ" ಎಂದಳು.

ತಾಈ ಮಗುವನ್ನು ನನ್ನ ಕೈಗೆ ಕೊಟ್ಟಳು. ಹೆಂಗಸರು ಬಗ್ಗಿದರು, "ಹೈಶಾ" ಎಂದರು, ಗೇಟು ಕೀಲಿನಿಂದ ಮೇಲೆದ್ದು ಬಂತು. ಬೀಗ ಅದಕ್ಕೇ ಜೋತುಬಿದ್ದು ಅಲ್ಲಾಡುತ್ತಿತ್ತು. ರಿಬ್ಬನ್ನು ಯಾರ ಕಾಲಿಗೆ ಸಿಕ್ಕಿತೋ ತಿಳಿಯದು. ಜೇಠ್‌ಜೀ ಎದ್ದು ನಿಂತು ಏನೋ ಗದರಿದರು. ಡೋಲಕ್ಕಿನವಳು ಇನ್ನೂ ಜೋರಾಗಿ ಬಾರಿಸಿದಳು. ಸುಮನ್ ಅರಿಶಿನ ಹಚ್ಚಿದಳು, ಹಗ್ಗ ಬಿಟ್ಟಳು, ಸೇದಿದಳು. ಮೊದಲ ಹನಿಯನ್ನು ಮಗುವಿನ ತುಟಿಗೆ ಮುಟ್ಟಿಸಿದಾಗ ಅದು ನನ್ನ ತೋಳಿನಲ್ಲಿ ಒಂದು ಸಲ ಬೆಚ್ಚಿ, ಆಮೇಲೆ ಚಪ್ಪರಿಸಿತು. ಅಧ್ಯಕ್ಷರು ಅಷ್ಟರಲ್ಲಿ ಕಾರು ಹತ್ತಿದ್ದರು.

ಗೇಟು ಮತ್ತೆ ಕೂರಲಿಲ್ಲ. ಕೂರಿಸಲು ಬಂದ ಕೆಲಸಗಾರರಿಗೆ ಹೆಂಗಸರು ಚಹಾ ಕುಡಿಸಿ ವಾಪಸು ಕಳಿಸಿದರಂತೆ.

ಆದರೆ ಮಾರನೆಯ ದಿನದ ಪತ್ರಿಕೆ ನೋಡಿ ನನ್ನ ಉರಿ ಮತ್ತೆ ಭುಗಿಲೆಂದಿತು. ದೊಡ್ಡ ಫೋಟೋ: ಕೊಡ ಹೊತ್ತ ಸುಮನ್, ತಾಈಯ ತೋಳಿನಲ್ಲಿ ಮಗು. ಕೆಳಗೆ, 'ಪರಂಪರಾ ಸಮಿತಿಯ ಗಣ್ಯರನ್ನು ಸಾಂಪ್ರದಾಯಿಕವಾಗಿ ಸ್ವಾಗತಿಸಿದ ಗ್ರಾಮೀಣ ಮಹಿಳೆಯರು.' ಸ್ವಾಗತ! ನಾನು ಸ್ಟಾಫ್ ರೂಮಿನಲ್ಲಿ ಕೂಗಾಡಿದೆ, ಪತ್ರಿಕೆಗೆ ಫೋನು ಮಾಡಿದೆ, ಅಲ್ಲಿ ಯಾರೋ "ಅಚ್ಛಾ ಜೀ" ಎಂದು ಇಟ್ಟುಬಿಟ್ಟರು. ಕೊನೆಗೆ ತಾಈಗೆ ಫೋನು ಮಾಡಿ ಓದಿ ಹೇಳಿದೆ.

"ಛೋರಿಯ ಮುಖ ಬಂದಿದೆಯಾ?" ಅದೊಂದೇ ಅವಳ ಪ್ರಶ್ನೆ.

"ಚೆನ್ನಾಗಿ ಬಂದಿದೆ. ಆದರೆ ತಾಈ, ಕೆಳಗೆ ಬರೆದದ್ದು..."

"ತಗೊಂಡು ಬಾ."

ಮುಂದಿನ ಭಾನುವಾರ ಒಯ್ದೆ. ಬೀದಿಯಿಂದಲೇ ಕಾಣುವ ಬೈಠಕ್ಕಿನ ಗೋಡೆಯನ್ನು, ಜೇಠ್‌ಜೀ ದಿನವೂ ಹುಕ್ಕಾ ಹಿಡಿದು ಕೂರುವ ಮಂಚಕ್ಕೆ ನೇರ ಎದುರಿನ ಜಾಗವನ್ನು, ಅವಳು ಆಗಲೇ ಒರೆಸಿ ಇಟ್ಟಿದ್ದಳು. ನಾನು ಚೀಲದಿಂದ ಕತ್ತರಿ ತೆಗೆದು, "ಆ ಸುಳ್ಳಿನ ಸಾಲನ್ನು ಕತ್ತರಿಸಿ ಕೊಡ್ತೀನಿ, ಫೋಟೋ ಮಾತ್ರ ಇರಲಿ" ಎಂದೆ.

ತಾಈ ಪತ್ರಿಕೆಯನ್ನು ನನ್ನ ಕೈಯಿಂದ ಕಿತ್ತುಕೊಂಡಳು.

"ಅದನ್ನು ಕತ್ತರಿಸಬೇಡ ಮಾಸ್ಟರ್ನಿ. ಮೊಳೆ ಹೊಡೆಯೋದಕ್ಕೆ ಜಾಗ ಬೇಡವಾ?"