ಇಬ್ರಾಹಿಂಪುರದ ಸುರೈಯಾ ಆಪಾ ಮತ್ತು ನನ್ನ ಖಾಲಿ ಗಾಡಿ

ನಾನು ಕಾರು ಚೆನ್ನಾಗಿ ಓಡಿಸುತ್ತೇನೆ ಎಂದು ಇಡೀ ವಿಜಯಪುರದಲ್ಲಿ ನಂಬಿದ್ದವನು ನಾನೊಬ್ಬನೇ. ಅಥಣಿ ರಸ್ತೆಯಲ್ಲಿ ಹನಿ ನೀರಾವರಿಯ ಪೈಪು ಮಾರುವ ಕಂಪನಿಯಲ್ಲಿ ನನಗೆ ನೌಕರಿ. ಟಿಕೋಟಾ, ಬಿಜ್ಜರಗಿ ಕಡೆಯ ದ್ರಾಕ್ಷಿ ತೋಟಗಳಿಗೆ ಹೋಗಿ, ಚೆನ್ನಾಗಿಯೇ ಇರುವ ಪೈಪು ಹಳೆಯದಾಯಿತು ಎಂದು ರೈತರನ್ನು ನಂಬಿಸಬೇಕು. ಅವರು ನಂಬುವುದಿಲ್ಲ. ಕಚೇರಿಯಲ್ಲಿ ಸಾಹೇಬರು ಬೈಯುತ್ತಾರೆ. ಹೀಗೆ ಎರಡೂ ಕಡೆ ಮರ್ಯಾದೆ ಕಳೆದುಕೊಂಡವನಿಗೆ ಸಂಜೆ ಎಲ್ಲಾದರೂ ಶೂರನಾಗಬೇಕು ಅನಿಸುವುದು ಸಹಜ. ನಾನು ಮೂರು ಮಂದಿ ಓಡಿಸಿ ಬಿಟ್ಟ ಒಂದು ಪುಟ್ಟ ಕಾರು ಕೊಂಡು, ಅದರ ಎರಡೂ ಮಗ್ಗುಲಿಗೆ ಬೆಂಕಿಯ ಚಿತ್ರ ಅಂಟಿಸಿ, ಅದನ್ನು ರೇಸ್ ಕಾರು ಎಂದು ಕರೆದೆ. ಟಿಕೋಟಾ ರಸ್ತೆಯ ಒಂದು ತಿರುವಿನಲ್ಲಿ ಅದು ತೊಟ್ಟಿಲಿನ ಹಾಗೆ ತೂಗಿ, ನನ್ನನ್ನು ನೆಟ್ಟಗೆ ಒಬ್ಬರ ದ್ರಾಕ್ಷಿ ಬೇಲಿಯ ಮುಂದೆ ನಿಲ್ಲಿಸಿದ ಮೇಲೆ ಸುರೈಯಾ ಆಪಾನ ಅಂಗಡಿ ಹುಡುಕಿಕೊಂಡು ಹೋದೆ.

ಇಬ್ರಾಹಿಂಪುರದಲ್ಲಿ ರೈಲು ಹಳಿಯ ಹತ್ತಿರ, ತಗಡಿನ ಮಾಡಿನ ಕೆಳಗೆ ಆ ಅಂಗಡಿ. ಐವತ್ತರ ಆಚೀಚೆಯ ಹೆಂಗಸು. ಸೆರಗು ಸೊಂಟಕ್ಕೆ ಬಿಗಿದುಕೊಂಡು, ಮೊಣಕೈತನಕ ಎಣ್ಣೆಯಾಗಿ ನಿಂತಿದ್ದರು. ನನಗೆ ನಮಸ್ಕಾರ ಹೇಳುವಷ್ಟೂ ಪುರಸೊತ್ತು ಕೊಡದೆ ಗಾಡಿಯ ಮೂತಿಯನ್ನು ಅಂಗೈಯಿಂದ ಒತ್ತಿ ಬಿಟ್ಟರು. ಅದು ಕೆಳಗೆ ಹೋಗಿ, ಮೇಲೆ ಬಂದು, ಮತ್ತೆ ಹೋಗಿ ಬಂದು, ತೃಪ್ತಿಯಾಗುವತನಕ ಕುಣಿಯಿತು.

"ಮ್ಯಾಲ ಬೆಂಕಿ ಹಚ್ಚೀದಿ, ಒಳಗ ಮೆತ್ತನ ಸಜ್ಜಕ ತುಂಬೀದಿ" ಅಂದರು. "ಏನ ಕೆಲಸ ಮಾಡ್ತಿ?"

"ಪೈಪಿನ ಕಂಪನ್ಯಾಗ ಅದೀನ್ರಿ ಆಪಾ."

"ಅದಕ ತಲ್ಯಾಗ ಗಾಳಿ ಹರಿದಾಡತೈತಿ."

ನಮ್ಮ ಪರಿಚಯ ಆದದ್ದು ಹೀಗೆ. ಮುಂದೆಯೂ ಇದಕ್ಕಿಂತ ಸುಧಾರಿಸಲಿಲ್ಲ.

ಆಪಾನ ತಂದೆ ಹಸನಸಾಬ ಜೀಪುಗಳ ಶಾಕಬ್ಸರ್ ರಿಪೇರಿ ಮಾಡುತ್ತಿದ್ದವರು. ತಮ್ಮ ಅಯೂಬ ಶಾಲೆಗೆ ಹೋದಾಗ ಮಗಳು ಅಪ್ಪನ ಕಬ್ಬಿಣದ ಮೇಜಿನ ಕೆಳಗೆ ಕೂತು ಬಿದ್ದದ್ದನ್ನು ಹೆಕ್ಕುತ್ತಿದ್ದಳು. ಹೆಕ್ಕುತ್ತ ಹೆಕ್ಕುತ್ತ ಮೇಜಿನ ಮೇಲಕ್ಕೆ ಬಂದಳು. ಬಬಲೇಶ್ವರದ ಲಾರಿ ಡ್ರೈವರ್ ಒಬ್ಬರಿಗೆ ಕೊಟ್ಟು ಮದುವೆ ಮಾಡಿದರು. ಹೊಸ ಮದುಮಗಳು ಗಂಡನ ಲಾರಿ ಅಂಗಳಕ್ಕೆ ಬಂದು ನಿಂತ ಸಪ್ಪಳ ಕೇಳಿಯೇ, "ಹಿಂದಿನ ಎಡಗಡೆ ಸ್ಪ್ರಿಂಗಿನ ಪಟ್ಟಿ ಮುರದೈತಿ, ನಿಮಗ ಇನ್ನೂ ಗೊತ್ತಾಗಿಲ್ಲೇನು?" ಎಂದು ಅತ್ತೆಯ ಎದುರಿಗೆ ಕೇಳಿದಳಂತೆ. ಪಟ್ಟಿ ಮುರಿದದ್ದು ಹೌದು. ಸಂಸಾರವೂ ಅಲ್ಲೇ ಬಿರುಕು ಬಿಟ್ಟಿತು. ತವರಿಗೆ ಬಂದವರು ಅಪ್ಪನ ಮೇಜು ಹಿಡಿದು ನಿಂತರು. ಅಪ್ಪ ಹೋದ ಮೇಲೂ ಬಿಡಲಿಲ್ಲ. ಗಂಡ ಇಂದಿಗೂ ಬಬಲೇಶ್ವರದಲ್ಲಿದ್ದಾರೆ. ಹಬ್ಬಕ್ಕೆ ಬರುತ್ತಾರೆ, ಉಣ್ಣುತ್ತಾರೆ, ಲಾರಿಯನ್ನು ಮಾತ್ರ ಓಣಿಯ ಆಚೆಯೇ ನಿಲ್ಲಿಸಿ ಬರುತ್ತಾರೆ.

ಆಪಾನ ಕೆಲಸ ಹೇಳುವುದಕ್ಕೆ ಸುಲಭ. ಶಾಕಬ್ಸರ್ ಅಂದರೆ ಗಾಡಿಯ ಕುಲುಕಾಟ ತಡೆಯುವ, ಎಣ್ಣೆ ತುಂಬಿದ ಕೊಳವೆ. ಒಳಗೆ ತೂತಿರುವ ಒಂದು ದಟ್ಟೆ, ಅಂದರೆ ಪಿಸ್ಟನ್, ಮೇಲೆ ಕೆಳಗೆ ಓಡಾಡುತ್ತದೆ. ಆ ತೂತುಗಳ ಬಾಯಿಗೆ ಕಾಗದದಷ್ಟು ತೆಳುವಾದ ಉಕ್ಕಿನ ಬಿಲ್ಲೆಗಳು ಒಂದರ ಮೇಲೊಂದು ಕೂತಿರುತ್ತವೆ. ಆಪಾ ಅವಕ್ಕೆ ಚಕತಿ ಅನ್ನುತ್ತಾರೆ. ಗಾಲಿ ಗುಂಡಿಗೆ ಬಿದ್ದಾಗ ಚಕತಿ ಬಾಗಿ ಎಣ್ಣೆಗೆ ದಾರಿ ಬಿಡುತ್ತದೆ. ಚಕತಿ ಹೆಚ್ಚಿದ್ದರೆ ಗಾಡಿ ಬಿಗಿ, ಕಡಿಮೆ ಇದ್ದರೆ ಸಡಿಲು. ಕಾರ್ಖಾನೆಯಿಂದ ಮುಚ್ಚಿಕೊಂಡು ಬಂದ ಶಾಕಬ್ಸರಿನ ಕುತ್ತಿಗೆ ಕೊಯ್ದು, ಲೇತಿನಲ್ಲಿ ಸುರುಳಿ ಕೊರೆದು ನಟ್ಟು ಕೂಡಿಸಿ, ಚಕತಿಗಳನ್ನು ತಮಗೆ ಸರಿಕಂಡಂತೆ ಮತ್ತೆ ಜೋಡಿಸುವುದು ಆಪಾನ ಕಸುಬು. ನಿಮಗೆ ಸರಿ ಕಾಣುತ್ತದೋ ಇಲ್ಲವೋ ಎಂದು ಅವರು ಕೇಳುವುದಿಲ್ಲ.

ಕೆಲಸ ಮುಗಿದ ಗಾಡಿಯನ್ನು ಹಾಗೇ ಕೊಟ್ಟುಬಿಡುವ ಪದ್ಧತಿಯೂ ಅಲ್ಲಿಲ್ಲ. ಟಿಕೋಟಾತನಕ ಓಡಿಸಿ ನೋಡಬೇಕು, ಅದೂ ತುಂಬಿದ ಗಾಡಿ. ಈ ವಿಷಯ ಓಣಿಗೆಲ್ಲ ಗೊತ್ತು. ಟಿಕೋಟಾ ಕಡೆ ಹೋಗಬೇಕಾದವರು ಬಸ್‌ಸ್ಟ್ಯಾಂಡಿಗೆ ಹೋಗುವುದಿಲ್ಲ, ಆಪಾನ ಅಂಗಡಿಯ ಕಟ್ಟೆಗೆ ಬಂದು ಕೂರುತ್ತಾರೆ. ನನ್ನ ಗಾಡಿಯ ಕೆಲಸ ಮುಗಿದ ದಿನ ಬಿಜ್ಜರಗಿಗೆ ಹೊರಟಿದ್ದ ಬೀಬಿಜಾನ ಚಾಚಿ ಒಂದು ಜೋಳದ ಚೀಲದ ಸಮೇತ ಹಿಂದೆ ಹತ್ತಿದರು. ನಡುವೆ ಆಪಾ. ಆಚೆ ಮಗ್ಗುಲಿಗೆ ನನಗೆ ಇಂದಿಗೂ ಯಾರೆಂದು ತಿಳಿಯದ ಒಬ್ಬ ಹಿರಿಯರು.

"ಆಪಾ, ಇದು ರೇಸಿನ ಗಾಡಿರಿ" ಅಂದೆ.

"ಹೌದಪಾ, ಗೊತ್ತೈತಿ. ಸಾವಕಾಶ ಹೊಡಿ, ಚಾಚಿಗಿ ವಾಂತಿ ಆಗತೈತಿ."

ಸಾವಕಾಶ ಹೊಡೆಯಲಿಲ್ಲ. ನನ್ನನ್ನು ಬೇಲಿಗೆ ಕಳಿಸಿದ ಅದೇ ತಿರುವಿನಲ್ಲಿ ಗಾಡಿ ನೆಲಕ್ಕೆ ಕಚ್ಚಿಕೊಂಡು, ಹಳಿಯ ಮೇಲಿನ ರೈಲಿನ ಹಾಗೆ ಹೋಯಿತು. ಚಾಚಿಗೆ ವಾಂತಿ ಆಗಲಿಲ್ಲ. ನನಗೆ ಮಾತ್ರ ತಲೆ ತಿರುಗಿತು, ಗರ್ವದಿಂದ. ಆ ಸಂಜೆ ಅಂಗಡಿಯ ಎದುರಿನ ಚಹಾದ ಗಾಡಿಯ ಹತ್ತಿರ ನಿಂತು, ಬಬಲೇಶ್ವರದಲ್ಲಿ ನಡೆಯಲಿದ್ದ ಕಾರು ಓಟದಲ್ಲಿ ನನ್ನನ್ನು ಮೀರಿಸುವವರು ಈ ಜಿಲ್ಲೆಯಲ್ಲಿ ಯಾರಿದ್ದಾರೆ ನೋಡೇಬಿಡುತ್ತೇನೆ ಎಂದು ಘೋಷಿಸಿದೆ.

ಅದನ್ನು ಅಯೂಬಣ್ಣ ಕೇಳಿಸಿಕೊಂಡರು.

ಆಪಾನ ತಮ್ಮ ಅಯೂಬಣ್ಣ ಸೊಲ್ಲಾಪುರದಲ್ಲಿ ಬಿಡಿಭಾಗಗಳ ವ್ಯಾಪಾರ ಕಲಿತು ಬಂದವರು. ಅಂಗಡಿ ಇಬ್ಬರದೂ. ಕೊಯ್ದು ಕೂಡಿಸುವ ಕೆಲಸ ಬಿಟ್ಟು, ಡಬ್ಬಿಯಲ್ಲಿ ಬರುವ ಹೊಸ ಶಾಕಬ್ಸರ್ ಮಾರಬೇಕು, ಗಾಜಿನ ಕೌಂಟರು ಹಾಕಬೇಕು ಎನ್ನುವುದು ಅವರ ಹಟ. ಅದಕ್ಕೆ ಅಡ್ಡ ನಿಂತದ್ದು ಅಪ್ಪನ ಮೇಜು ಮತ್ತು ಅದರ ಹಿಂದಿನ ಆಪಾ. ಆ ಮನೆಯಲ್ಲಿ ಮಾತೆಲ್ಲ ಉರ್ದುವಿನಲ್ಲಿ. ಜಗಳ ಮಾತ್ರ ಕನ್ನಡದಲ್ಲಿ, ಓಣಿಗೆ ತಿಳಿಯಲಿ ಅಂತ.

"ಕೇಳಿದೇನ ಆಪಾ, ನಿನ್ನ ಗಿರಾಕಿ ಏನಂದಾನ?" ಅಯೂಬಣ್ಣ ಕೂಗಿದರು. "ನನ್ನ ಮಗ ಉಮರನೂ ಓಡಸ್ತಾನ ಅಲ್ಲಿ. ಅವನ ಗಾಡಿಗಿ ಡಬ್ಬಿ ಮಾಲು ಹಾಕೇನಿ. ನಿನ್ನ ಕೊಯ್ದ ಮಾಲು ಮುಂದ ಬಂದ್ರ ಮೇಜು ಇದ್ದಲ್ಲೇ ಇರ್ಲಿ, ನಾ ಬಾಯಿ ಮುಚ್ಚತೀನಿ. ಹಿಂದ ಬಿದ್ರ ಮೇಜು ಹೊರಗ, ನೀ ಕೌಂಟರಿಗಿ. ಆದೀತೇನು?"

ಆಪಾ ತಮ್ಮನನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ಪೈಪಿಗಿ ವಾಲ್ವ್ ಇರ್ತಾವಲ್ಲಲೇ, ನಿನ್ನ ಬಾಯಿಗಿ ಒಂದ ಹಚ್ಚಾಕ ಬರ್ತಿದ್ದಿಲ್ಲೇನು?" ಅಂದರು. ಆಮೇಲೆ ತಮ್ಮನ ಕಡೆ ತಿರುಗಿ, "ಆತು" ಅಂದರು. ಆ ಮೇಜು ಬಿಟ್ಟರೆ ಆಪಾನಿಗೆ ಬೇರೆ ಜಾಗವಿಲ್ಲ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಎರಡನೇ ಕಪ್ ಚಹಾ ಕುಡಿದೆ.

ಬಬಲೇಶ್ವರದ ಹೊರಗೆ ಬೀಳು ಬಿಟ್ಟ ಹೊಲದಲ್ಲಿ ಸುಣ್ಣದ ಗೆರೆ ಎಳೆದು, ಹಳೆ ಟೈರು ಒಟ್ಟಿ ದಾರಿ ಮಾಡಿದ್ದರು. ಒಂದೊಂದೇ ಗಾಡಿ ಗಡಿಯಾರದ ಎದುರು ಓಡಬೇಕು. ಎರಡು ಅವಕಾಶ, ಒಳ್ಳೆಯದು ಲೆಕ್ಕಕ್ಕೆ. ಗಾಡಿಯೊಳಗೆ ಓಡಿಸುವವನ ಹೊರತು ಏನೂ, ಯಾರೂ ಇರಬಾರದು. ಗಂಡನ ಊರೆಂದು ಆಪಾ ಬರಲಿಕ್ಕಿಲ್ಲ ಅಂದುಕೊಂಡಿದ್ದೆ. ಬಂದರು. ಎಲ್ಲರಿಗೂ ಕಾಣುವ ಹಾಗೆ ಬೇವಿನ ಗಿಡದ ಕೆಳಗೆ ಸಲಕರಣೆಯ ಪೆಟ್ಟಿಗೆಯ ಮೇಲೆ ಕೂತರು.

ನನ್ನ ಮೊದಲ ಓಟದ ಬಗ್ಗೆ ಹೆಚ್ಚು ಹೇಳುವುದಿಲ್ಲ, ನೋಡಿದವರು ಸಾಕಷ್ಟು ಹೇಳಿದ್ದಾರೆ. ಮೊದಲ ತಿರುವಿಗೆ ಬರುವುದರೊಳಗೆ ಗಾಡಿಯ ಹಿಂಭಾಗ ಆಡಿನ ಮರಿಯ ಹಾಗೆ ಜಿಗಿಯತೊಡಗಿತು. ಗಾಲಿ ನೆಲದ ಮೇಲಿದ್ದುದಕ್ಕಿಂತ ಗಾಳಿಯಲ್ಲಿದ್ದುದೇ ಹೆಚ್ಚು. ತಿರುವಿನಲ್ಲಿ ಬಾಲ ನನಗಿಂತ ಮುಂದೆ ಬಂತು. ಧೂಳು ಇಳಿದಾಗ ನಾನು ಹೊರಟ ಜಾಗದ ಕಡೆಗೇ ಮುಖ ಮಾಡಿ ನಿಂತಿದ್ದೆ. ಮಂದಿ ಸೀಟಿ ಹೊಡೆದರು. ಉಮರ ಅಚ್ಚುಕಟ್ಟಾಗಿ ಓಡಿಸಿ ಬಂದ.

"ಏನ ಮಾಡಿಟ್ಟೀರಿ ಆಪಾ ಇದಕ್ಕ?" ಗಾಡಿಯಿಂದ ಇಳಿದವನೇ ಕೂಗಿದೆ.

"ನಾ ಮಾಡೇನಿ? ಸ್ಟೇರಿಂಗ್ ಹಿಡಿಯೋದು ಬಿಟ್ಟು ದೇವರಿಗಿ ಕೈ ಮುಗಿಯಾಕ ಹೋಗಿದ್ದೇನು?"

"ಗಾಲಿ ನೆಲಕ್ಕ ಕುಂಡ್ರವಲ್ಲದ್ರಿ!"

"ಟಿಕೋಟಾ ರಸ್ತೇದಾಗ ಹೆಂಗ ಕುಂತಿತ್ತು? ರಸ್ತಾ ಬದಲಾದ ಕೂಡ್ಲೇ ನಿನ್ನ ಕಾಲು ನಡಗಾಕತ್ತಾವ."

ಅಯೂಬಣ್ಣ ಹತ್ತಿರ ಬಂದು ನಿಂತರು. "ಬೈಯ್ಯಿರಿ, ಬೈಯ್ಯಿರಿ. ಮೇಜು ಹೊರಗ ಒಯ್ಯಾಕ ಇಬ್ರೂ ಬೇಕಾಗ್ತೀರಿ."

ಆಪಾ ತಮ್ಮನಿಗೆ ಬೈಯಲು ಬಾಯಿ ತೆರೆದವರು, ಏನನ್ನಿಸಿತೋ, ನನ್ನ ಗಾಡಿಯ ಹಿಂದೆ ಹೋಗಿ ಅಂಗೈಯಿಂದ ಒತ್ತಿದರು. ಅದು ಕದಲಲಿಲ್ಲ. ಎರಡೂ ಕೈ ಹಾಕಿ ಒತ್ತಿದರು. ಒಂದಿಷ್ಟು ಇಳಿಯಿತು. ಡಿಕ್ಕಿಯ ಬಾಗಿಲು ತೆಗೆದು ಅಂಚಿನ ಮೇಲೆ ಕೂತರು. ಗಾಡಿ ಮೆತ್ತಗೆ ಕೆಳಗಿಳಿಯಿತು.

"ನಾವು ಓಡಿಸಿ ನೋಡಿದಾಗ ಹಿಂದ ಯಾರ್‍ಯಾರು ಕುಂತಿದ್ರು?" ದನಿ ಬೇರೆಯಾಗಿತ್ತು.

"ನೀವು, ಬೀಬಿಜಾನ ಚಾಚಿ, ಇನ್ನೊಬ್ಬರು. ಜೋಳದ ಚೀಲ."

"ಇವತ್ತ?"

"ಯಾರೂ ಇಲ್ರಿ. ಬಿಡಂಗಿಲ್ಲ."

ಆಪಾ ಅಲ್ಲೇ ಕೂತಿದ್ದರು. ಅಪ್ಪನ ಕಾಲದಿಂದ ಅವರು ಖಾಲಿ ಕಾರಿಗೆ ಕೆಲಸ ಮಾಡಿದ್ದೇ ಇರಲಿಲ್ಲ. ನಮ್ಮ ಕಡೆ ಖಾಲಿ ಕಾರು ಎಲ್ಲಿದೆ? ಮದುವೆಗೆ ಹೊರಟರೂ ಸಂತೆಗೆ ಹೊರಟರೂ ಕಾಲಿಡುವಷ್ಟು ಜಾಗ ಕಂಡರೆ ಅಲ್ಲೊಂದು ಗಂಟು ಬರುತ್ತದೆ. ಕಾರು ಅಂದರೆ ತುಂಬಿದ್ದು ಎಂದೇ ಅವರ ಕೈಗೆ ಗೊತ್ತು. ಮೂರು ಜನರನ್ನೂ ಒಂದು ಚೀಲವನ್ನೂ ಹೊತ್ತು ನೆಟ್ಟಗೆ ಓಡಲಿ ಎಂದು ಹಿಂದಕ್ಕೆ ಚಕತಿ ಏರಿಸಿದ್ದರು. ಅಲ್ಲಿ ಹೊರಲು ಏನೂ ಇಲ್ಲದ ಶಾಕಬ್ಸರ್ ನೆಲವನ್ನೇ ಒದ್ದಿತ್ತು.

ಆಪಾ ಎದ್ದು ನಿಂತು ಎಲ್ಲರಿಗೂ ಕೇಳುವಂತೆ, "ತಪ್ಪು ನಂದೈತಿ" ಅಂದರು.

ಅಯೂಬಣ್ಣ ಕೈಯನ್ನು ಕಿವಿಗೆ ಹಚ್ಚಿದರು. "ಏನಂದಿ ಆಪಾ? ಗಾಳಿಗಿ ಕೇಳಿಸ್ಲಿಲ್ಲ."

"ಕೇಳಿಸದಿದ್ರ ಹೋಗ್ಲಿ. ಎರಡನೇ ಸಲ ಹೇಳಂಗಿಲ್ಲ. ಲೇ ಪೈಪ, ಜಾಕ್ ತಾ."

ನನ್ನ ಹತ್ತಿರ ಜಾಕ್ ಇರಲಿಲ್ಲ. ತೂಕ ಕಡಿಮೆಯಾಗಲಿ ಎಂದು ಮನೆಯಲ್ಲಿ ಬಿಟ್ಟು ಬಂದಿದ್ದೆ, ಅಂಥ ರೇಸುಗಾರ ನಾನು. ಉಮರ ತನ್ನ ಗಾಡಿಯಿಂದ ತಂದು ಕೊಟ್ಟ.

"ಯಾರ ಗಾಡಿಗಿ ಜಾಕ್ ಕೊಡಾಕತ್ತೀಯಲೇ?" ಅಯೂಬಣ್ಣ ಗದರಿದರು.

"ಗೆಲ್ಲಾಕ ಎದುರಿಗಿ ಗಾಡಿ ಬೇಕಲ್ಲ ಅಬ್ಬಾ" ಅಂದ ಉಮರ. ಆಪಾ ಅವನಿಗೂ, "ಕೊಟ್ಟಿದ್ದು ಸಾಕು, ಬೆಳಕಿಗಿ ಅಡ್ಡ ನಿಂದ್ರಬ್ಯಾಡ" ಅಂದರು.

ಬೇವಿನ ಗಿಡದ ಕೆಳಗೆ, ಗಂಡನ ಊರಿನ ಮಂದಿ ಸುತ್ತ ನಿಂತು ನೋಡುತ್ತಿರುವಾಗ, ಆಪಾ ಹಿಂದಿನ ಎರಡೂ ಶಾಕಬ್ಸರ್ ಇಳಿಸಿ ನಟ್ಟು ಬಿಚ್ಚಿದರು. ಎಣ್ಣೆಯನ್ನು ಡಬರಿಗೆ ಬಗ್ಗಿಸಿದರು. ಚಕತಿಗಳನ್ನು ಬೆರಳ ತುದಿಯಲ್ಲಿ ಸವರಿ, ಕೆಲವನ್ನು ತೆಗೆದು, ಒಂದನ್ನು ಮತ್ತೆ ಹಾಕಿ, ಮತ್ತೆ ತೆಗೆದರು. ಎರಡನೆಯದಕ್ಕೆ ಕೈ ಹಾಕಿದಾಗ ಅವೇ ಚಕತಿಗಳನ್ನು ಎರಡೆರಡು ಸಲ ಎಣಿಸಿದರು. ನಾನು ನೋಡಿದೆ. ನಾನು ನೋಡಿದ್ದನ್ನು ಅವರೂ ನೋಡಿ, "ಮಾರಿ ಏನ ನೋಡ್ತಿ, ಎಣ್ಣಿ ಹಿಡಿ" ಅಂದರು.

ಎರಡನೆಯ ಓಟದಲ್ಲಿ ಗಾಡಿ ನೆಲ ಬಿಡಲಿಲ್ಲ. ನಾನು ಹೇಳುವ ಮೊದಲೇ ತಿರುವಿಗೆ ಮೈ ಕೊಟ್ಟಿತು. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ನಾನು ಓಡಿಸಿಲ್ಲ, ಇನ್ನು ಮುಂದೆ ಓಡಿಸುವುದೂ ಇಲ್ಲ. ಉಮರ ನನಗಿಂತ ಬೇಗ ಬಂದ. ಹೆಚ್ಚೇನಲ್ಲ, ಒಮ್ಮೆ ಸೀನುವಷ್ಟು ಹೊತ್ತು. ಡಬ್ಬಿ ಮಾಲು ಕೆಟ್ಟದ್ದೇನಿರಲಿಲ್ಲ. ಹುಡುಗನೂ ನನಗಿಂತ ಒಳ್ಳೆಯ ಡ್ರೈವರ್. ಅಷ್ಟೇ ವಿಷಯ.

ವಾಪಸು ಬರುವಾಗ ಆಪಾ ನನ್ನ ಗಾಡಿಯಲ್ಲೇ ಕೂತರು. ನಾನು ಬಾಯಿ ತಡೆಯಲಾರದೆ, "ಇನ್ನೊಂದ ಅವಕಾಶ ಇದ್ದಿದ್ರ..." ಅಂದೆ.

"ಇದ್ದಿದ್ರ ಇನ್ನೊಮ್ಮೆ ಸೋಲ್ತಿದ್ದಿ. ಮುಂದ ನೋಡಿ ಹೊಡಿ."

ಮರುದಿನ ಮೇಜು ಹಿತ್ತಲಿಗೆ ಹೋಯಿತು. ಅಯೂಬಣ್ಣ ಹೇಳಿದ್ದಂತೆ ಅದರ ಒಂದು ತುದಿ ಹಿಡಿದವನು ನಾನೇ. ಗಾಜಿನ ಕೌಂಟರು ಬಂತು, ಸಾಲು ಸಾಲು ಡಬ್ಬಿ ಬಂದವು, ಅದರ ಹಿಂದೆ ತೊಳೆದ ಕೈಯ ಆಪಾ ಕೂತರು. ಆಡಿದ ಮಾತಿಗೆ ತಪ್ಪುವ ಹೆಂಗಸಲ್ಲ.

ಮಾರುವ ಬಗೆ ಮಾತ್ರ ಅವರದೇ. ಗಿರಾಕಿ ಬಂದರೆ ಡಬ್ಬಿ ಮುಟ್ಟುವುದಿಲ್ಲ. "ಎಷ್ಟು ಮಂದಿ ಕುಂಡ್ರತೀರಿ? ದಿನಾ ಕುಂಡ್ರತೀರೋ, ಹಬ್ಬಕ್ಕಷ್ಟೋ? ಹೆಂಡತಿ ಮುಂದ ಕುಂಡ್ರತಾಳೋ, ಹಿಂದೋ?" ಮೊದಲು ಯಾರನ್ನೂ ಏನೂ ಕೇಳದವರು ಈಗ ಪೊಲೀಸರಿಗಿಂತ ಹೆಚ್ಚು ಕೇಳುತ್ತಾರೆ. ಎಲ್ಲ ಕೇಳಿದ ಮೇಲೆ, "ಈ ಡಬ್ಬಿ ನಿಮಗ ಆಗಂಗಿಲ್ಲ, ಹೋಗ್ರಿ" ಅನ್ನುತ್ತಾರೆ. ಒಬ್ಬ ವಕೀಲರು ಇದನ್ನೇ ಕೊಡಿ ಎಂದು ಹಟ ಹಿಡಿದದ್ದಕ್ಕೆ, "ಕೊಡ್ತೀನಿ. ತಿಂಗಳ ಮ್ಯಾಲ ಸೊಂಟ ಹಿಡಕೊಂಡ ಬರ್ತೀರಿ, ಆವಾಗ ಸೊಂಟದ ಡಬ್ಬಿ ನಮ್ಮಲ್ಲಿಲ್ಲ" ಅಂದರಂತೆ. ಅವರು ಹೋಗಿಯೇಬಿಟ್ಟರು.

ಅಯೂಬಣ್ಣ ಮೊದಲು ಬೈದರು. ಆಮೇಲೆ ಬೇಡಿಕೊಂಡರು. ಆಮೇಲೆ ಮತ್ತೆ ಬೈದರು. "ಗಿರಾಕಿ ಓಡಸಾಕ ಕುಂತೀಯೇನು ಇಲ್ಲಿ?"

"ನೀ ಕುಂಡ್ರಿಸೀದಿ, ನಾ ಕುಂತೇನಿ. ಖರೇ ಹೇಳಬಾರದು ಅಂತ ಮಾತಾಗಿದ್ದಿಲ್ಲ."

ಡಬ್ಬಿಗಳ ಮೇಲೆ ಧೂಳು ಕೂರತೊಡಗಿದ ಮೇಲೆ ಒಂದು ಬೆಳಿಗ್ಗೆ ನಾನು ಆ ದಾರಿಯಲ್ಲಿ ಪೈಪಿನ ಕೆಲಸಕ್ಕೆ ಹೊರಟಿದ್ದೆ. ಅಯೂಬಣ್ಣ ರಸ್ತೆಗೆ ಅಡ್ಡ ನಿಂತು ಗಾಡಿ ನಿಲ್ಲಿಸಿದರು. "ಇಳೀರಿ ಸಾಹೇಬ್ರ. ಎಲ್ಲಾ ನಿಮ್ಮ ಬಾಯಿಂದ ಆಗೇತಿ. ಹಿತ್ತಲಕ ಬರ್ರಿ." ಉಮರ ಒಂದು ತುದಿ ಹಿಡಿದ, ನಾನೊಂದು. ಅಯೂಬಣ್ಣ ನಡುವೆ ಹೆಗಲು ಕೊಟ್ಟು, ಅಪ್ಪನನ್ನೂ ಅಕ್ಕನನ್ನೂ ಕಬ್ಬಿಣವನ್ನೂ ಶಪಿಸುತ್ತ ಮೇಜನ್ನು ಒಳಗೆ ತಂದರು. ಗಾಜಿನ ಕೌಂಟರನ್ನು ಮೂಲೆಗೆ ನೂಕಿ, ಅದರ ಹಿಂದೆ ಅವರೇ ಕೂತರು.

ಆಪಾ ಸಹಾಯ ಮಾಡಲಿಲ್ಲ, ಶಾಬಾಸ್ ಅನ್ನಲಿಲ್ಲ. ಸೆರಗು ಸೊಂಟಕ್ಕೆ ಬಿಗಿದುಕೊಂಡು, ಒಂದು ಕಣ್ಣು ಮುಚ್ಚಿ ಮೇಜಿನ ಅಂಚನ್ನು ಬಾಗಿಲಿನ ಚೌಕಟ್ಟಿಗೆ ಹೊಂದಿಸಿ ನೋಡಿದರು.

"ಸೊಟ್ಟ ಇಟ್ಟೀರಿ" ಅಂದರು. "ಎತ್ರಿ."