‘ನಂದೇ ತಪ್ಪು’ ಅನ್ನಗೊಡದ ಇನಾಯತ್ ಸಾಹೇಬರು
ಕಾರ್ಲ್ಸ್‌ರುಹೆಯ ಕನ್ನಡಿಗರಲ್ಲಿ ಯಾರಿಗೆ ಪೆಟ್ಟಾದರೂ ಆಂಬುಲೆನ್ಸಿನ ಬೆನ್ನಿಗೇ ಇನಾಯತ್ ಸಾಹೇಬರು ಬರುತ್ತಾರೆ. ಕೆಲಸದ ವೀಸಾದ ಮೇಲೆ ಜರ್ಮನಿಗೆ ಹೊಸದಾಗಿ ಬಂದಿಳಿದವರಿಗೆ ‘ಊಟ ಆತೇನ್ರಿ’ ಎನ್ನುವ ಮೊದಲೇ ‘ಹಾಫ್ಟ್‌ಫ್ಲಿಷ್ಟ್ ಮಾಡಿಸೀರೇನ್ರಿ?’ ಎಂದು ಕೇಳುತ್ತಾರೆ. ನಮ್ಮಿಂದ ಇನ್ನೊಬ್ಬರಿಗೆ ಹಾನಿಯಾದರೆ ಭರಿಸುವ ವಿಮೆ ಅದು. ಅದಿಲ್ಲದವರ ಜೊತೆ ಸಾಹೇಬರು ಕೇರಂ ಕೂಡ ಆಡುವುದಿಲ್ಲವೆಂದು ಹುಡುಗರ ತಮಾಷೆ. ಊರಾಚೆಯ ಕೆರೆಯಲ್ಲಿ ಪವಿ ಎಂಬ ಹುಡುಗಿ ಹುಟ್ಟು ಹಾಕುತ್ತಿದ್ದ ಬಾಡಿಗೆ ದೋಣಿ ಕಟ್ಟೆಗೆ ಬಡಿದು, ಜೊತೆಗಿದ್ದ ಗೆಳತಿ ವಿಜಯಶ್ರೀಯ ಮಣಿಕಟ್ಟು ಮುರಿದಾಗಲೂ ಖರ್ಜೂರದ ಪೊಟ್ಟಣ ಹಿಡಿದು ಹಾಜರಾದರು. ಡಾಕ್ಟರ ವರದಿ, ದೋಣಿಯ ಫೋಟೊ, ಕಂಡವರ ಹೆಸರು, ಒಳ್ಳೆಯ ವಕೀಲರು ಎಂದು ಒಂದೊಂದೇ ಬೆರಳು ಮಡಚಿದರು. “ನಾನs ಜಾರಿ ಬಿದ್ದೆ ಅಂತೀನ್ರಿ ಸಾಹೇಬ್ರ. ಪವಿ ಮ್ಯಾಲೆ ಕೇಸ್ ಹಾಕಿದ್ರ ಗೆಳೆತನ ಉಳೀತದೇನು?” ಎಂದಳು ವಿಜಯಶ್ರೀ. “ಸುಳ್ಳು ಹೇಳಿ ದೊಡ್ಡಸ್ತಿಕಿ ತೋರಿಸಬ್ಯಾಡ ತಂಗಿ. ನಿನ್ನ ಹಕ್ಕೂ ಹೋಗ್ತದ, ಕೈ ನೆಟ್ಟಗಾಗದಿದ್ರ ಪರಿಹಾರನೂ ಹೋಗ್ತದ. ಭರಿಸೂದು ಆಕಿ ಅಲ್ಲ, ಆಕಿ ವಿಮಾ ಕಂಪನಿ” ಎಂದು ಸಾಹೇಬರು ಏಳಹೋದರು, ಎಡಗಾಲು ಮಡಚಲೊಲ್ಲದು. ಜೊತೆಗೆ ಬಂದಿದ್ದ ಗೆಳೆಯ ಅಝೀಮ್ ತೋಳು ಕೊಟ್ಟು ಎಬ್ಬಿಸುತ್ತ ಹೇಳಿದರು: “ಸಾಹೇಬರ ಈ ಕಾಲು ಮುರಿದಾಗ ದೋಣಿ ನಡೆಸಿದವ ನಾನs, ತಂಗಿ. ನನ್ನ ಮ್ಯಾಲೆ ಕೇಸ್ ಹಾಕ್ಲಿಕ್ಕೆ ಇವರನ್ನ ವಕೀಲರ ಕಡೆ ಕರಕೊಂಡು ಹೋದವನೂ ನಾನs.” ಕೈಮುಗಿಯೋಣವೆಂದರೆ ವಿಜಯಶ್ರೀಯ ಒಂದು ಕೈ ಪ್ಲಾಸ್ಟರಿನಲ್ಲಿತ್ತು. ಇನ್ನೊಂದನ್ನು ಎದೆಗೊತ್ತಿಕೊಂಡು ಇಬ್ಬರಿಗೂ ತಲೆಬಾಗಿದಳು. ಆಮೇಲೆ ಅದೇ ಕೈಯಿಂದ ಫೋನ್ ಎತ್ತಿದಳು: “ಪವಿ, ನಾಳೆ ವಕೀಲರ ಕಡೆ ಹೋಗೂದದ. ನೀನs ಕರಕೊಂಡು ಹೋಗಬೇಕು ನೋಡು.”